ಎಚ್ಚರವನ್ನು ಹೊಲಿದ ಕಾಶವ್ವ

ಊರಿನ ಒಂದು ಒಲೆಯಿಂದ ಎಲ್ಲ ಒಲೆಗಳಿಗೂ ಕೆಂಡ ಹೋಗುತ್ತಿದ್ದ ಕಾಲದ ಒಂದು ಮಾಗಿಯಲ್ಲಿ ಇದು ನಡೆದದ್ದು.

ಕಾಲು ಹೊದಿಕೆಯೊಳಗೆ ಎಳೆದುಕೋ. ಮಧ್ಯೆ ಪ್ರಶ್ನೆ ಕೇಳಬಾರದು, ಕೇಳಿದರೆ ಕತೆ ದಾರಿ ತಪ್ಪುತ್ತದೆ.

ಕಪ್ಪು ಮಣ್ಣಿನ ಬಯಲಿನಲ್ಲಿ, ಕಣ್ಣು ಹಾಯಿಸಿದಷ್ಟೂ ಜೋಳದ ತೆನೆ ತಲೆದೂಗುವ ಕಡೆ, ಹತ್ತಿಕೇರಿ ಎಂಬ ಊರಿತ್ತಂತೆ. ಆ ಊರಿನಲ್ಲಿ ಕಾಶವ್ವ ಎಂಬ ಹೆಣ್ಣುಮಗಳಿದ್ದಳಂತೆ. ಅವಳ ಹೊಲಿಗೆಯೆಂದರೆ ಇರುವೆಗಳು ಬೆಲ್ಲಕ್ಕೆ ಹೊರಟ ಹಾಗೆ, ಒಂದರ ಹಿಂದೊಂದು, ಎಲ್ಲವೂ ಒಂದೇ ಅಳತೆ, ಒಂದೂ ಸಾಲು ಬಿಟ್ಟು ಆಚೆ ಕಾಲಿಡುತ್ತಿರಲಿಲ್ಲವಂತೆ. ಅವಳು ಕೋಳಿಗಿಂತ ಮೊದಲು ಏಳುವಳು, ಮಧ್ಯಾಹ್ನ ಊಟವಾದ ಮೇಲೆ ಊರಿಗೆ ಊರೇ ಒಂದು ಗಳಿಗೆ ಅಡ್ಡಾದರೆ ಅವಳೊಬ್ಬಳು ಕಟ್ಟೆಯ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸುವಳು. ಹುಟ್ಟಿದಂದಿನಿಂದ ಅವಳು ಆಕಳಿಸಿದ್ದನ್ನು ಕಂಡವರೇ ಇಲ್ಲವಂತೆ. ಎದುರಿಗೆ ಯಾರಾದರೂ ಆಕಳಿಸಿದರೆ, ಬಾಯಿ ಮುಚ್ಚವಾ, ಮುಂಜಾನೆ ತಿಂದ ರೊಟ್ಟಿ ಕಾಣಾಕಹತ್ತೈತಿ, ಅನ್ನುವಳಂತೆ.

ಇಂಥ ಕಾಶವ್ವನಿಗೆ ಒಬ್ಬಳೇ ಗೆಳತಿ, ಮಾಳವ್ವ. ಅವಳು ಇದಕ್ಕೆ ಪೂರ್ತಿ ಬೇರೆ. ಗಾಡಿಯಲ್ಲಿ ಕೂತರೆ ನಿದ್ದೆ, ಹುಣಸೆಮರದ ನೆರಳು ಕಂಡರೆ ನಿದ್ದೆ. ಚಿಕ್ಕವರಿದ್ದಾಗ ಇಬ್ಬರೂ ಕರು ಕಾಯಲು ಹೋದರೆ ಮಾಳವ್ವ ಮಲಗಿಬಿಡುವಳು, ಕರು ಯಾರದೋ ಹೊಲ ಹೊಗುವುದು, ಆಮೇಲೆ ಹೊಲದವರ ಬೈಗಳನ್ನೆಲ್ಲ ಕಾಶವ್ವ ನಿಂತು ತಿನ್ನುವಳು, ಮಾಳವ್ವನನ್ನು ಎಬ್ಬಿಸದೆಯೇ. ಹಾಗಿತ್ತು ಅವರ ಗೆಳೆತನ.

ಆಮೇಲೆ ಇಬ್ಬರೂ ದೊಡ್ಡವರಾದರು, ಅದೇ ಊರಿನಲ್ಲಿ ಮದುವೆಯಾದರು. ಏಳು ವರ್ಷ ಕಾದ ಮೇಲೆ ಮಾಳವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿತಂತೆ. ಕಾಶವ್ವ ಓಡಿ ಹೋಗಿ ಕೂಸಿನ ಮುಖ ನೋಡಿದಳು, ನೋಡಿ, ಇದರ ಕೌದಿ ನಾ ಹೊಲಿತೇನಿ, ಯಾರೂ ಕೈ ಹಾಕಬ್ಯಾಡ್ರಿ, ಅಂದಳಂತೆ. ಮಾಳವ್ವನ ಅತ್ತೆ ನಕ್ಕು, ಕೈ ಹಾಕಬ್ಯಾಡ್ರಿ ಅಂದರ ಹೆಂಗವಾ, ಕೂಸಿನ ಕೌದಿಗೆ ನಾಕು ಮಂದಿ ಕೈ ಬೇಕಲ್ಲ, ಅಂದಳಂತೆ.

ಆ ಊರಿನ ಪದ್ಧತಿ ಹಾಗಿತ್ತು. ಕೂಸಿನ ಕೌದಿಯನ್ನು ಹುಟ್ಟುವ ಮೊದಲು ಹೊಲಿಯಬಾರದು. ಐದನೆಯ ದಿನ ಮೊದಲು ಮಾಡಬೇಕು, ಹದಿಮೂರನೆಯ ದಿನ ತೊಟ್ಟಿಲು ಕಟ್ಟುವ ಹೊತ್ತಿಗೆ ಮುಗಿಸಬೇಕು. ಉಟ್ಟು ಉಟ್ಟು ಮೆತ್ತಗಾದ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಹೆಂಗಸರು ನಾಲ್ಕು ಅಂಚಿಗೆ ಕೂತು, ತಮ್ಮ ತಮ್ಮ ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರಬೇಕು. ತೊಟ್ಟಿಲಿಗೆ ಒಮ್ಮೆ ಹಾಸಿದ ಕೌದಿಯನ್ನು ಆಮೇಲೆ ಬದಲಿಸುವಂತಿಲ್ಲ. ಅದೇ ಕೌದಿ, ಅದೇ ಕೂಸು.

ಕಾಶವ್ವ ಪದ್ಧತಿ ಮೀರುವವಳಲ್ಲ. ಮೂರು ಜನರನ್ನು ಕರೆದಳಂತೆ. ಮೊದಲನೆಯವಳು ಓಣಿಯ ಹಿರಿಯ ಮುದುಕಿ ಅಡಿವೆವ್ವ. ಕಣ್ಣು ಮಂಜಾಗಿತ್ತು, ಬೆರಳಿನಿಂದಲೇ ನೋಡುವಳು. ಅವಳ ಹೊಲಿಗೆ ಬೂದಿಯಲ್ಲಿ ಕೋಳಿ ಓಡಾಡಿದ ಹಾಗೆ. ಎರಡನೆಯವಳು ಪಕ್ಕದ ಮನೆಯ ಸಂಕವ್ವ. ಮಾತು ಜಾಸ್ತಿ, ಹೊಲಿಗೆ ಕಮ್ಮಿ. ಅವಳದೊಂದೊಂದು ಹೊಲಿಗೆ ಒಂದೊಂದು ಹರದಾರಿ. ಮೂರನೆಯವಳು ಹತ್ತಿ ಹಿಂಜುವವರ ಮನೆಯ ಮೌಲಾಬಿ. ಮಾತೇ ಇಲ್ಲದವಳು. ದಾರವನ್ನು ಬಿಗಿಯಾಗಿ ಎಳೆದು ಗೇಣಿಗೊಂದು ಗಂಟು ಹಾಕುವಳು, ಬಟ್ಟೆ ಮುಖ ಗಂಟಿಕ್ಕಿದ ಹಾಗೆ ಸುಕ್ಕಾಗುವುದು.

ಎಂಟು ದಿನ ಕಾಶವ್ವನ ಕಟ್ಟೆಯ ಮೇಲೆ ಎಳೆಬಿಸಿಲಿನಲ್ಲಿ ಕೂತು ನಾಲ್ವರೂ ಹೊಲಿದರಂತೆ. ಕಾಶವ್ವನ ಸೂಜಿ ತನ್ನ ಅಂಚಿನಲ್ಲಿ, ಕಣ್ಣು ಮಾತ್ರ ಉಳಿದ ಮೂರು ಅಂಚಿನಲ್ಲಿ. ಸಂಕವ್ವನಿಗೆ ತಡೆಯಲಿಲ್ಲ. ಏ ಕಾಶೀ, ನಿನ್ನ ಕಣ್ಣು ನಿನ್ನ ಸೂಜಿ ಮ್ಯಾಲಿರಲಿ, ಅಂದಳಂತೆ. ಅಕ್ಕಾ, ನಿನ್ನ ಒಂದ ಹೊಲಿಗಿಯೊಳಗ ನನ್ನವು ಹತ್ತು ಕುಂಡ್ರತಾವು, ಅಂದಳಂತೆ ಕಾಶವ್ವ. ಕುಂಡ್ರಲಿ ಬಿಡು, ಜಾಗಾ ಐತಿ, ಅಂದಳಂತೆ ಸಂಕವ್ವ. ಅಡಿವೆವ್ವ ಬೊಚ್ಚುಬಾಯಿ ತೆರೆದು ಒಂದು ದೊಡ್ಡ ಆಕಳಿಕೆ ತೆಗೆದಳು, ಅದನ್ನು ಕಂಡು ಸಂಕವ್ವ ತೆಗೆದಳು, ಮೌಲಾಬಿ ಸೆರಗು ಅಡ್ಡ ಹಿಡಿದು ತೆಗೆದಳು, ಕಾಶವ್ವ ಮಾತ್ರ ತುಟಿ ಬಿಗಿಹಿಡಿದು ಒಂದು ಸಾಲು ಮುಗಿಸಿದಳು.

ಆಮೇಲೆ ಊಟದ ಹೊತ್ತಿಗೆ ಮೂವರೂ ಎದ್ದು ಹೋಗುವರು, ಊರು ಒಂದು ಗಳಿಗೆ ಮಲಗುವುದು, ಆಗ ಕಾಶವ್ವ ಬಾಗಿಲು ಮುಂದೆ ಮಾಡಿ ಕೌದಿಯನ್ನು ಬಿಡಿಸಿ ನೋಡುವಳು. ಕೋಳಿಯ ಹೆಜ್ಜೆ, ಹರದಾರಿ, ಸುಕ್ಕು. ನನ್ನ ಮಾಳಿಯ ಕೂಸಿಗೆ ಇಂಥದು ಹೊದಿಸಲೇ ಅಂದುಕೊಳ್ಳುವಳು. ಅಂದುಕೊಂಡು, ಸಣ್ಣ ಕತ್ತರಿಯಿಂದ ಅವರು ಮೂವರೂ ಅಂದು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿ, ತಾನೇ ಹೊಲಿಯುವಳು. ಹೊಲಿದಷ್ಟನ್ನು ಸುರುಳಿ ಸುತ್ತಿಟ್ಟು, ಮರುದಿನ ಉಳಿದ ಬಟ್ಟೆಯನ್ನಷ್ಟೇ ಅವರ ಮುಂದೆ ಹಾಸುವಳು. ಎಂಟು ಮಧ್ಯಾಹ್ನ ಹೀಗೆಯೇ ಮಾಡಿದಳಂತೆ. ಹದಿಮೂರನೆಯ ದಿನ ಬರುವ ಹೊತ್ತಿಗೆ ಆ ಕೌದಿಯ ತುಂಬ ಒಂದೇ ಕೈ ಇತ್ತು.

ತೊಟ್ಟಿಲು ಕಟ್ಟಿದರು, ಕೂಸಿಗೆ ಹೊನ್ನವ್ವ ಎಂದು ಹೆಸರಿಟ್ಟರು, ಕೌದಿ ಹಾಸಿದರು. ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಸಂಕವ್ವನಂತೂ ತನ್ನ ಅಂಚನ್ನು ಎಲ್ಲರಿಗೂ ತೋರಿಸಿ, ನೋಡ್ರಿ, ನಂದೂ ಈ ಸಲ ಎಷ್ಟು ನೆಟ್ಟಗ ಬಂದೈತಿ, ಕಾಶಿ ಮಗ್ಗಲಕ್ಕ ಕುಂತಿದ್ದರ ಪುಣ್ಯ, ಅಂದಳಂತೆ. ಕಾಶವ್ವ ಆ ಕಡೆ ತಿರುಗಿ ತಾಂಬೂಲದ ತಟ್ಟೆಯನ್ನು ಸರಿಮಾಡಿದಳಂತೆ. ಮೌಲಾಬಿ ಒಮ್ಮೆ ಕೌದಿಯನ್ನು ನೋಡಿದಳು, ಒಮ್ಮೆ ಕಾಶವ್ವನನ್ನು ನೋಡಿದಳು, ತಾಂಬೂಲ ತೆಗೆದುಕೊಂಡಳು. ಅಡಿವೆವ್ವ ಬಂದಿರಲಿಲ್ಲ, ಅವಳಿಗೆ ಮಂಡಿ ಹಿಡಿದಿತ್ತು.

ಅಂದಿನಿಂದ ಹೊನ್ನವ್ವ ಮಲಗಲಿಲ್ಲವಂತೆ.

ಅಳುತ್ತಿರಲಿಲ್ಲ. ಅತ್ತರೆ ಏನಾದರೂ ಮಾಡಬಹುದು. ಕೌದಿ ಹೊದಿಸಿದರೆ ಕೂಸು ಎರಡು ಕಣ್ಣನ್ನು ಎರಡು ಹಣತೆಯ ಹಾಗೆ ಹಚ್ಚಿಕೊಂಡು ಸುಮ್ಮನೆ ನೋಡುವುದು, ಜಂತಿ ನೋಡುವುದು, ಹಲ್ಲಿ ನೋಡುವುದು, ಬೆಳಕಿಂಡಿಯ ಬಿಸಿಲು ಗೋಡೆಯ ಮೇಲೆ ಹರಿದು ಹೋಗುವುದನ್ನು ಕೊನೆಯವರೆಗೂ ನೋಡುವುದು. ಕೌದಿ ತೆಗೆದರೆ ಮಾಗಿಯ ಚಳಿಗೆ ಚೀರುವುದು. ಒಂದು ದಿನವಾಯಿತು, ಎರಡು ದಿನವಾಯಿತು, ಐದು ದಿನವಾಯಿತು. ಕೂಸು ಮಲಗದೆ ತಾಯಿ ಹೇಗೆ ಮಲಗಿಯಾಳು? ಹುಣಸೆಯ ನೆರಳು ಕಂಡರೆ ಮಲಗುತ್ತಿದ್ದ ಮಾಳವ್ವ ಗೋಡೆಗೆ ಆತು ಕೂತಳು, ಕಣ್ಣ ಕೆಳಗೆ ಕಪ್ಪು ಬಂತು, ಎದೆಯ ಹಾಲು ದಿನದಿಂದ ದಿನಕ್ಕೆ ಇಳಿಯಿತು.

ಆಗ ಅತ್ತೆ ಹೇಳಿದಳಂತೆ. ಇನ್ನು ಮೂರು ದಿನ ನೋಡೋಣ. ಅಷ್ಟರೊಳಗ ತಾಯಿ ಮಕ್ಕಳು ಮಲಗದಿದ್ದರ ಇವಳ ಹಾಲು ಪೂರಾ ಬತ್ತತೈತಿ. ಹೊಳಿ ಆಚಿ ನನ್ನ ಮಗಳು ಎಳೀ ಬಾಣಂತಿ ಅದಾಳ, ಹಾಲು ಕುಡಿಯೂದು ಬಿಡೂ ತನಕ ಕೂಸು ಅಕಿ ಹತ್ರ ಇರಲಿ. ಮಾಳವ್ವನ ಗಂಡ ಭರಮಪ್ಪ ತಲೆ ಬಗ್ಗಿಸಿಕೊಂಡು ಹೋಗಿ ಗುರುವಾರ ಮುಂಜಾನೆಗೆ ಗಾಡಿ ಗೊತ್ತು ಮಾಡಿ ಬಂದ. ಮಾಳವ್ವ ಕಾಶವ್ವನನ್ನು ಕರೆಸಿದಳು. ಗೆಳತಿಯ ಕೈ ಹಿಡಿದು, ಕಾಶೀ, ಏನಾರ ಮಾಡ, ಅಂದಳಂತೆ, ಅಷ್ಟೇ.

ಕಾಶವ್ವ ಮಾಡಿದಳು. ಮೊದಲನೆಯ ದಿನ, ಬಟ್ಟೆ ಒರಟಾಗಿರಬೇಕು ಅಂದುಕೊಂಡು ಕೌದಿಯನ್ನು ಹಳ್ಳಕ್ಕೆ ಒಯ್ದು, ಅಂಟುವಾಳದ ನೊರೆಯಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ತಂದು ಹಾಸಿದಳು. ಕೂಸು ಸುಮ್ಮನೆ ನೋಡುತ್ತಲೇ ಇತ್ತು. ಎರಡನೆಯ ದಿನ, ತೆಳುವಾಗಿರಬೇಕು ಅಂದುಕೊಂಡು ಒಂದು ಬದಿ ಬಿಚ್ಚಿ, ಹಳೆಯ ಧೋತರದ ಇನ್ನೊಂದು ಪದರ ಒಳಗೆ ಸೇರಿಸಿ, ಮತ್ತೆ ಇರುವೆಯ ಸಾಲು ನಡೆಸಿ ತಂದಳು. ಕೂಸು ಇನ್ನೂ ಅಗಲವಾಗಿ ಕಣ್ಣು ತೆರೆಯಿತು. ಮೂರನೆಯ ದಿನ ಮುಂಜಾನೆ, ಬೇರೇನೂ ತೋಚದೆ ತಾನೇ ತೊಟ್ಟಿಲ ಬಳಿ ಕೂತು ಜೋಗುಳ ಹಾಡಿದಳು. ಅವಳು ಹಾಡಿದ್ದು ಲಗಾಮು ಹಾಕಿದ ಕುದುರೆಯ ಹಾಗೆ ನೆಟ್ಟಗಿತ್ತು. ಕೂಸು ಅವಳನ್ನೇ ನೋಡಿತು. ಅವಳು ಕೂಸನ್ನು ನೋಡಿದಳು. ಇಬ್ಬರಲ್ಲಿ ಯಾರೂ ಕಣ್ಣು ಮಿಟುಕಿಸಲಿಲ್ಲವಂತೆ.

ಅಷ್ಟು ಹೊತ್ತಿಗೆ ಕೋಲೂರಿಕೊಂಡು ಅಡಿವೆವ್ವ ಬಂದಳು. ಮಂಡಿ ಅಂದು ಸ್ವಲ್ಪ ಹಗುರಾಗಿತ್ತು, ಕೂಸು ಊರು ಬಿಡುವ ಮೊದಲು ಒಮ್ಮೆ ನೋಡಿ ಹೋಗೋಣ ಎಂದು ಬಂದಳಂತೆ. ತೊಟ್ಟಿಲ ಬಳಿ ಕೂತು ಕೂಸಿನ ಕೆನ್ನೆ ಮುಟ್ಟಿದಳು, ಆಮೇಲೆ ಕೌದಿ ಮುಟ್ಟಿದಳು, ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ನಡೆಸಿದಳು, ಒಂದು ಅಂಚು, ಎರಡು ಅಂಚು, ಮೂರು, ನಾಲ್ಕು. ನಡೆಸಿ, ನನ್ನ ಸಾಲು ಎಲ್ಲೈತಿ, ಅಂದಳಂತೆ.

ಕಾಶವ್ವ ಹತ್ತಿರ ಸರಿದಳು. ಇಲ್ಲೇ ಐತಿ ಆಯಿ, ಎಂದು ಮುದುಕಿಯ ಬೆರಳನ್ನು ಹಿಡಿದು ಒಂದು ಸಾಲಿನ ಮೇಲೆ ಇಟ್ಟಳು. ಅಡಿವೆವ್ವ ಆ ಸಾಲಿನ ಈ ತುದಿಯಿಂದ ಆ ತುದಿಗೆ ಹೋದಳು. ಎಂಬತ್ತು ವರ್ಷದಾಗ ನಾ ಒಂದ ಸಾಲೂ ನೆಟ್ಟಗ ಹೊಲದಿಲ್ಲವಾ, ಇದು ನಂದಲ್ಲ, ಅಂದಳು. ಅಂದು, ಬೈಯಲಿಲ್ಲ, ಯಾಕೆ ಎಂದು ಕೇಳಲಿಲ್ಲ, ಕೋಲು ತೆಗೆದುಕೊಂಡು ಎದ್ದು ಹೋದಳಂತೆ.

ಬೈದಿದ್ದರೆ ಕಾಶವ್ವ ತಡೆದುಕೊಳ್ಳುತ್ತಿದ್ದಳು. ಬೈಸಿಕೊಂಡು ಅವಳಿಗೆ ರೂಢಿಯಿತ್ತು. ಬೈಯದೆ ಹೋದದ್ದು ತಡೆಯಲಿಲ್ಲ. ನಾಳೆಯೇ ಗುರುವಾರ. ಅವಳು ಕೌದಿಯನ್ನು ನೋಡಿದಳು. ತನ್ನ ಹೊಲಿಗೆ ಅದೆಷ್ಟು ಚೆನ್ನಾಗಿತ್ತೆಂದರೆ ನೋಡಿದಷ್ಟೂ ಕಣ್ಣು ಇನ್ನಷ್ಟು ತೆರೆಯುತ್ತಿತ್ತು. ಎದ್ದು, ಸೆರಗು ಹೊದ್ದು, ಹೊರಟಳಂತೆ.

ಮೊದಲು ಸಂಕವ್ವನ ಮನೆ. ಅಕ್ಕಾ, ನಿನ್ನ ಹೊಲಿಗಿ ನೆಟ್ಟಗ ಬಂದಿರಲಿಲ್ಲ, ನಾ ಬಿಚ್ಚಿ ನಂದು ಹಾಕಿದ್ನಿ, ಅಂದಳು. ಸಂಕವ್ವ ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು ಬಾಯಿ ತೆರೆದಳು. ಅಯ್ಯ ನಿನ್ನ, ನಾ ಊರ ತುಂಬ ನನ್ನ ಕೈ ಸುಧಾರಿಸೇತಿ ಅಂತ ಹೇಳಿಕೊಂಡ ಬಂದೇನಲ್ಲ ಖೋಡೀ, ನನ್ನ ಗಂಡಗ ಸೈತ ಹೇಳೇನಿ, ಇನ್ನ ಅವನ ಅಂಗಿ ಗುಂಡಿ ಹಚ್ಚು ಅಂತಾನ, ಏನ ಮಾಡಲಿ, ಅಂದಳಂತೆ. ಅಂದು, ಸಿಟ್ಟಿನಲ್ಲಿ ಶುರುಮಾಡಿದವಳು ನಗುವಿನಲ್ಲಿ ಮುಗಿಸಿದಳು. ಆದರೆ ಸುಮ್ಮನೆ ಬಿಡಲಿಲ್ಲ. ಒಂದು ಹೊಲಿಗೆಗೆ ಒಂದು ಮಾತಿನಂತೆ, ಕಾಶವ್ವ ಬೇರೆಯವರ ರೊಟ್ಟಿ ದಪ್ಪ ಎಂದದ್ದು, ರಂಗೋಲಿ ವಾರೆ ಎಂದದ್ದು, ಹತ್ತು ವರ್ಷದ್ದನ್ನೆಲ್ಲ ಹೇಳಿದಳು. ಕಾಶವ್ವ ನಿಂತು ಕೇಳಿದಳು.

ಆಮೇಲೆ ಮೌಲಾಬಿಯ ಮನೆ. ಹಿಂಜಿದ ಹತ್ತಿ ಅಂಗಳದ ತುಂಬ ಮೋಡದ ಹಾಗೆ ತೇಲುತ್ತಿತ್ತಂತೆ. ಕಾಶವ್ವ ಹೇಳುವುದಕ್ಕೆ ಮೊದಲೇ ಮೌಲಾಬಿ, ನನಗ ತೊಟ್ಟಿಲದ ದಿನಾನ ಗೊತ್ತಾಗೇತಿ, ಅಂದಳು. ಗೊತ್ತಾಗಿ ಯಾಕ ಅನ್ನಲಿಲ್ಲ, ಎಂದು ಕಾಶವ್ವ ಕೇಳಿದಳು. ನಾಕು ಮಂದ್ಯಾಗ ನಿನ್ನ ಮಾರಿ ಸಣ್ಣದಾಗತಿತ್ತು, ಅಂದಳಂತೆ ಮೌಲಾಬಿ. ಸಂಕವ್ವನ ಹತ್ತು ವರ್ಷದ ಬೈಗಳು ಕಾಶವ್ವನಿಗೆ ಈ ಮಾತಿನ ಮುಂದೆ ಹೂವಿನಂತೆ ಆದವು.

ಕೊನೆಗೆ ಅಡಿವೆವ್ವನ ಗುಡಿಸಲು. ಮುದುಕಿ ಬಾಗಿಲಲ್ಲೇ ಬಿಸಿಲು ಕಾಯಿಸುತ್ತ ಕೂತಿದ್ದಳು. ಬಾ, ಕುಂಡ್ರು. ಯಾಕ ಬಿಚ್ಚಿದಿ, ಖರೇ ಹೇಳ, ಅಂದಳು. ಕಾಶವ್ವ ಹೊಸ್ತಿಲ ಬಳಿ ಕೂತಳು. ಚಂದ ಆಗಲಿ ಅಂತ, ಅಂದಳು. ಅದಲ್ಲ, ಅಂದಳು ಮುದುಕಿ. ಕೂಸಿಗೆ ಒಳ್ಳೇದಾಗಲಿ ಅಂತ, ಅಂದಳು. ಅದೂ ಅಲ್ಲ, ಅಂದಳು ಮುದುಕಿ. ಆಗ ಕಾಶವ್ವ, ಮಾಳಿ ಅದನ್ನ ಮುಟ್ಟಿದಾಗೆಲ್ಲ ನಾ ಒಬ್ಬಾಕಿನ ನೆನಪಾಗಬೇಕು ಅಂತ ಮಾಡಿದ್ನಿ ಆಯಿ, ಅಂದಳಂತೆ. ಅಷ್ಟು ಹೇಳುವ ಹೊತ್ತಿಗೆ ಅವಳ ದನಿ ನೂಲಿನಷ್ಟಾಗಿತ್ತು.

ಹೂಂ, ಅಂದಳು ಅಡಿವೆವ್ವ. ಈಗ ಕೇಳು. ಕೂಸಿನ ಕೌದಿಗೆ ನಾಕು ಮಂದಿ ಕೈ ಯಾಕ ಅಂತ ತಿಳದೀ? ಹೊಲಿಯೂ ಮುಂದ ಮೈಗೆ ಬಿಸಿಲ ಹತ್ತತೈತಿ, ಆಕಳಿಕಿ ಬರತಾವು. ಒಬ್ಬರ ಆಕಳಿಕಿ ಇನ್ನೊಬ್ಬರಿಗೆ ಹತ್ತತೈತಿ. ಅವೆಲ್ಲ ದಾರದ ಸಂಗಾಟ ಬಟ್ಟಿಯೊಳಗ ಹೋಗತಾವು. ಕೂಸು ಹೊದ್ದಾಗ ಒಂದೊಂದ ಹೊರಗ ಬರತಾವು. ನಿನಗ ಆಕಳಿಕಿ ಗೊತ್ತಿಲ್ಲ. ನಮ್ಮವು ಇದ್ದದ್ದನ್ನ ಬಿಚ್ಚಿ ಒಗದಿ. ನೀ ಬರೇ ಎಚ್ಚರ ಹೊಲದೀ ತಂಗೀ, ಅದಕ್ಕ ಕೂಸು ಎಚ್ಚರ ಐತಿ.

ಕಾಶವ್ವ ಮುದುಕಿಯ ಕೋಲನ್ನು ತಾನು ಹಿಡಿದು, ಮುದುಕಿಯ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಹೊರಟಳಂತೆ. ದಾರಿಯಲ್ಲಿ ಸಂಕವ್ವ ಸೇರಿದಳು, ಮೌಲಾಬಿ ಸೇರಿದಳು. ಮಾಳವ್ವನ ಮನೆಯಲ್ಲಿ ಕಾಶವ್ವ ಮಾಡಿದ್ದನ್ನೆಲ್ಲ ಮತ್ತೊಮ್ಮೆ, ಬಾಣಂತಿಯ ಎದುರಿಗೇ ಹೇಳಿದಳು. ಮಾಳವ್ವನಿಗೆ ಸಿಟ್ಟಾಗುವಷ್ಟೂ ತ್ರಾಣವಿರಲಿಲ್ಲ. ಮೊದಲ ಹೊಲೀರಿ, ಮಾತ ಆಮೇಲೆ, ಅಂದಳಂತೆ.

ಕೌದಿಯನ್ನು ಪಡಸಾಲೆಯ ನಡುವೆ ಹಾಸಿದರು. ಕೂಸನ್ನು ಅದರ ಒಂದು ಮೂಲೆಯಲ್ಲೇ ಮಲಗಿಸಿದರು. ಮೂರು ಅಂಚಿನ ಇರುವೆಸಾಲನ್ನು ಕಾಶವ್ವ ತನ್ನ ಕೈಯಾರೆ ಬಿಚ್ಚಿದಳು. ನಾಲ್ಕನೆಯದನ್ನು, ತನ್ನ ಅಂಚನ್ನೂ, ಬಿಚ್ಚಿದಳು. ಆಮೇಲೆ ನಾಲ್ವರೂ ಕೂತರು. ಮಧ್ಯಾಹ್ನದ ಹೊತ್ತು. ಮಾಗಿಯ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಎಲ್ಲರ ಮಡಿಲಲ್ಲಿ ಬೆಕ್ಕಿನ ಹಾಗೆ ಕೂತಿತಂತೆ. ಹೊರಗೆ ಜೋಳದ ಗರಿ ಸುಯ್ ಎನ್ನುತ್ತಿತ್ತು. ಸಂಕವ್ವ ತನ್ನ ತವರಿನ ಒಂದು ಎಮ್ಮೆಯ ಕತೆ ತೆಗೆದಳು. ಆ ಎಮ್ಮೆ ನಡೆಯುತ್ತ ನಡೆಯುತ್ತ ಕೆರೆಗೆ ಹೋಯಿತಂತೆ, ನೀರಿಗೆ ಇಳಿಯಿತಂತೆ, ಮೂಗಿನವರೆಗೂ ಮುಳುಗಿ ನಿಂತಿತಂತೆ, ನಿಂತೇ ಇತ್ತಂತೆ.

ಅಡಿವೆವ್ವನ ಕೋಳಿ ಹೆಜ್ಜೆ ಹಾಕಿತು. ಅವಳಿಗೆ ಒಂದು ಆಕಳಿಕೆ ಬಂತು. ಅದು ಮೌಲಾಬಿಗೆ ಹೋಯಿತು, ಅವಳು ಸೆರಗು ಅಡ್ಡ ಹಿಡಿಯುವುದನ್ನು ಮರೆತಳು. ಅಲ್ಲಿಂದ ಸಂಕವ್ವನಿಗೆ ಹೋಯಿತು, ಎಮ್ಮೆ ಕೆರೆಯಲ್ಲೇ ಉಳಿಯಿತು. ನಿನ್ನ ಬಾಯಿಯೂ ತೆರೆಯಿತು, ನೋಡಿದೆ. ಇರಲಿ.

ಕೂಸು ಸೂಜಿ ಏಳುವುದನ್ನು ನೋಡುತ್ತಿತ್ತು, ಇಳಿಯುವುದನ್ನು ನೋಡುತ್ತಿತ್ತು. ಏಳುವುದನ್ನು ನೋಡಿತು, ಇಳಿಯುವುದನ್ನು ನೋಡಲಿಲ್ಲ. ಆ ಪುಟ್ಟ ಬಾಯಿ, ಒಂದು ಜೋಳದ ಕಾಳು ಹಿಡಿಸುವಷ್ಟು, ತೆರೆಯಿತು, ಮುಚ್ಚಿತು, ಹಣತೆ ಎರಡೂ ಆರಿದವಂತೆ. ಗೋಡೆಗೆ ಆತಿದ್ದ ಮಾಳವ್ವ ಅದನ್ನು ನೋಡಿ ನಗಹೋದಳು, ನಗು ಅರ್ಧಕ್ಕೆ ಬರುವಷ್ಟರಲ್ಲಿ ನಿದ್ದೆ ಬಂತು. ಹೊಸ್ತಿಲಲ್ಲಿ ಕೂತಿದ್ದ ಅತ್ತೆ ಬಾಗಿಲ ಚೌಕಟ್ಟಿಗೆ ತಲೆ ಇಟ್ಟಳು. ಅಡಿವೆವ್ವ ಕೂತಲ್ಲೇ. ಸಂಕವ್ವ ಮೌಲಾಬಿಯ ಭುಜದ ಮೇಲೆ. ಮೌಲಾಬಿ ಗಂಟು ಹಾಕಲು ಎಳೆದ ದಾರವನ್ನು ಕೈಯಲ್ಲೇ ಹಿಡಿದು.

ಕಾಶವ್ವ ಒಬ್ಬಳೇ ಎಚ್ಚರವಿದ್ದಳು. ಅವಳ ಸಾಲು ನೆಟ್ಟಗೆ ನಡೆಯುತ್ತಿತ್ತು. ಆಗ ಗಂಟಲ ತಳದಲ್ಲಿ ಏನೋ ಒಂದು ಎದ್ದಿತಂತೆ, ಮೆಲ್ಲಗೆ, ಎಮ್ಮೆ ನೀರಿನಿಂದ ಏಳುವ ಹಾಗೆ. ಏನಿದು ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ತುಟಿ ಬಿಗಿಹಿಡಿಯಲು ನೋಡಿದಳು. ಆಮೇಲೆ ಬಿಟ್ಟಳು. ಬಾಯಿ ತೆರೆಯಿತು, ಕಣ್ಣಲ್ಲಿ ನೀರು ತುಂಬಿತು, ಕಿವಿಯಲ್ಲಿ ಜೋಳದ ಗರಿಯ ಸದ್ದು ದೂರ ಹೋಯಿತು, ಸೂಜಿ ಒಂದು ಹೊಲಿಗೆ ಹಾಕಿತು, ಇನ್ನೊಂದು ಹಾಕಿತು, ಎಲ್ಲೋ ಹೊರಟಿತು, ನಿಂತಿತು.

ಹೊತ್ತು ಇಳಿಯುವಾಗ ಗಾಡಿಯವನು ನಾಳೆಯ ಹೊತ್ತು ಕೇಳಲು ಬಂದನಂತೆ. ಅದೇ ಹೊತ್ತಿಗೆ ಭರಮಪ್ಪ ಹೊಲದಿಂದ ಬಂದವನು ಬಾಗಿಲಲ್ಲಿ ನಿಂತಿದ್ದ. ಗಾಡಿಯವನು ಬಾಯಿ ತೆರೆಯುವ ಮೊದಲೇ ಅವನ ತೋಳು ಹಿಡಿದು ಅಂಗಳದಾಚೆ ಕರೆದೊಯ್ದು, ಗಾಡಿ ಬ್ಯಾಡೋ, ಸಪ್ಪಳ ಮಾಡಬ್ಯಾಡ, ಹೋಗ, ಅಂದ. ಅಂದು, ತಾನು ಕಟ್ಟೆಯ ಮೇಲೆ ಕೂತು, ಮುಂಜಾನೆಯ ತಣ್ಣನೆಯ ರೊಟ್ಟಿಯನ್ನು ಮುರಿದ ಸದ್ದು ಬಾರದಂತೆ ಮುರಿದು ತಿಂದನಂತೆ.

ದೀಪ ಹಚ್ಚುವ ಹೊತ್ತಿಗೆ ಕೂಸು ಹಸಿದು ಎದ್ದಿತು, ಅದರ ದನಿಗೆ ಮಾಳವ್ವನ ಎದೆ ತೊರೆ ಬಿಟ್ಟಿತು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕಾಶವ್ವ ತನ್ನ ಸಾಲನ್ನು ನೋಡಿದಳು. ಅರ್ಧದವರೆಗೆ ಇರುವೆಗಳು ಸರಿಯಾಗಿ ಹೋಗಿದ್ದವು. ಅಲ್ಲಿಂದ ದಾರಿ ಬಿಟ್ಟು, ಡೊಂಕಾಗಿ ಮೌಲಾಬಿಯ ಸುಕ್ಕುಗಳ ಮೇಲೆ ಹತ್ತಿ, ಅಲ್ಲೇ ಒರಗಿಕೊಂಡಿದ್ದವು. ಸಂಕವ್ವ ಬಗ್ಗಿ ನೋಡಿ, ಇದೇನ ಬೇ ಕಾಶೀ, ಎತ್ತು ಕಣ್ಣಿ ಹರಕೊಂಡ ಹೋದಂಗ ಐತಿ, ಅಂದಳು. ಕಾಶವ್ವನ ಕೈ ಕತ್ತರಿಯ ಕಡೆಗೆ ಹೋಯಿತಂತೆ. ಮಾಳವ್ವ ಕೂಸಿಗೆ ಹಾಲು ಕೊಡುತ್ತಿದ್ದವಳು ತಲೆ ಎತ್ತದೆ, ಅದನ್ನ ಬಿಚ್ಚಿದರ ನಾ ನಿನ್ನ ಮಾರಿ ನೋಡಂಗಿಲ್ಲ ಕಾಶೀ, ಅಂದಳು. ಕಾಶವ್ವ ದಾರವನ್ನು ಅದು ನಿಂತಲ್ಲೇ ಗಂಟು ಹಾಕಿ ಹಲ್ಲಿನಿಂದ ಕಡಿದಳು.

ಹೊನ್ನವ್ವ ಆ ಕೌದಿ ಹೊದ್ದು ಬೆಳೆದಳು. ಮಾಳವ್ವ ಮತ್ತೆ ಹುಣಸೆಯ ನೆರಳಿನಲ್ಲಿ ಮಲಗಿದಳು. ಕತೆಯೂ ಇಲ್ಲಿಗೆ ಒರಗಿತು.

ಅಂದು ಮಧ್ಯಾಹ್ನ ಆ ಪಡಸಾಲೆಯಲ್ಲಿ ಮಲಗಿದ್ದವರು: ಕೂಸು ಹೊನ್ನವ್ವ, ಅದರ ತಾಯಿ ಮಾಳವ್ವ, ಹೊಸ್ತಿಲಲ್ಲಿ ಅತ್ತೆ, ಅಡಿವೆವ್ವ, ಸಂಕವ್ವ, ಮೌಲಾಬಿ, ಮತ್ತು ಕಾಶವ್ವ.